ಭಾರತಿ ಕಳಿಸಿದ ಚುಕ್ಕಿ

ರಂಗೋಲಿ ಎಳೆಯುವುದರಲ್ಲಿ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಏಕೆಂದರೆ ಲೆಕ್ಕದಲ್ಲಿ ನಾನು ಶುದ್ಧ ದಡ್ಡಿ. ಆ ದಡ್ಡತನದಿಂದ, ಅದಕ್ಕಿಂತ ಹೆಚ್ಚಾಗಿ ಮೂಗಿನ ತುದಿಯ ಸಿಟ್ಟಿನಿಂದ, ನಾನು ಭಾರತಿಯನ್ನು ಕಳೆದುಕೊಂಡೆ.

ನಾವಿಬ್ಬರೂ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನವರು. ಮೂವತ್ತಾರನೇ ಇಸವಿಯ ಸಂಕ್ರಾಂತಿ ರಜಕ್ಕೆ ಮುಂಚೆ ಲೆಕ್ಕದ ಮೇಷ್ಟ್ರು ವೆಂಕಟರಮಣಪ್ಪನವರು ಬೋರ್ಡಿನ ತುಂಬ ಜೋಡಿ ಜೋಡಿ ಅಂಕಿ ಬರೆದರು. ಚೌಕದ ಕಾಗದ ಯಾರ ಹತ್ತಿರವೂ ಇರಲಿಲ್ಲ.

"ಕಾಗದ ಯಾಕ್ರಮ್ಮಾ? ಮನೆ ಮುಂದೆ ಚುಕ್ಕಿ ಇಡಲ್ವಾ? ಎಡಗಡೆ ಮೂಲೆಯಿಂದ ಶುರು ಮಾಡಿ. ಮೊದಲನೇ ಅಂಕಿ ಹೊಸ್ತಿಲುದ್ದಕ್ಕೆ ಎಣಿಸಿ, ಎರಡನೇದು ಬೀದಿ ಕಡೆಗೆ. ಸಿಕ್ಕಿದ ಚುಕ್ಕೀನ ಸಾಲಾಗಿ ಸೇರಿಸಿ. ಏನು ಬಂತು ಅಂತ ರಜ ಮುಗಿದ ಮೇಲೆ ಹೇಳಿ," ಎಂದರು.

ಭಾರತಿಗೆ ನಿಂತ ಕಬ್ಬಿನ ಜಲ್ಲೆ ಬಂತು. ನನಗೆ ಅಡ್ಡ ಮಲಗಿದ ಕಬ್ಬು ಬಂತು. "ಲೇ ರತ್ನೀ, ಮೊದ್ಲು ಹೊಸ್ತಿಲು, ಆಮೇಲೆ ಬೀದಿ ಕಣೇ! ಹಿಂದುಮುಂದು ಮಾಡಿದ್ದೀಯ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಎರಡು ದಿನ ಮಾತು ಬಿಟ್ಟೆ.

ಮಾರನೆಯ ವರ್ಷ ಅವಳನ್ನು ಗೌನಿಪಲ್ಲಿಗೆ ಕೊಟ್ಟರು. ಅವಳ ಅಪ್ಪ ಅಮ್ಮನೂ ಊರು ಬಿಟ್ಟಿದ್ದರಿಂದ ಇಲ್ಲಿಗೆ ಬರಲು ಅವಳಿಗೆ ನೆಪವೇ ಉಳಿಯಲಿಲ್ಲ. ಅವಳ ಗಂಡನ ಮನೆಯೋ, ಬಂದ ಕಾಗದವನ್ನೆಲ್ಲ ಭಾವ ಎಲ್ಲರ ಮುಂದೆ ಗಟ್ಟಿಯಾಗಿ ಓದುವ ಮನೆ. ಅದಕ್ಕೇ ಹೊರಡುವ ದಿನ ನಾವೊಂದು ಮಾತು ಮಾಡಿಕೊಂಡೆವು. ಹಬ್ಬ ಬಂದರೆ ಕಾರ್ಡಿನಲ್ಲಿ ಬರೀ ಅಂಕಿ ಬರೆದು ಕಳಿಸುವುದು, ಕಾರ್ಡು ತಲುಪಿದವಳು ಹಬ್ಬದ ಬೆಳಗ್ಗೆ ಬಾಗಿಲಲ್ಲಿ ಅದನ್ನು ಬಿಡಿಸುವುದು. ಕೊನೆಯ ಜೋಡಿಯನ್ನು ಮಾತ್ರ ಯಾವುದಕ್ಕೂ ಸೇರಿಸುವಂತಿಲ್ಲ. ಆ ಒಂಟಿ ಚುಕ್ಕಿ ಎಂದರೆ ಕಳಿಸಿದವಳು. ದೀಪಾವಳಿಗೆ ಹಣತೆ ಬಂತು, ಯುಗಾದಿಗೆ ಮಾವಿನೆಲೆ. ಅವಳ ಮನೆಯವರು ಮಗ್ಗಿ ಎಂದುಕೊಂಡಿರಬೇಕು.

ಆಮೇಲೆ ಎರಡು ವರ್ಷ ಒಂದು ಕಾರ್ಡೂ ಇಲ್ಲ. ಅಷ್ಟರಲ್ಲಿ ನನ್ನನ್ನು ಸೋದರಮಾವನಿಗೇ ಕೊಟ್ಟು, ಅವರನ್ನು ಮನೆಯಳಿಯನಾಗಿ ಇರಿಸಿಕೊಂಡರು. ನನಗೆ ಬಾಗಿಲೂ ಬದಲಾಗಲಿಲ್ಲ. ಒಂದೊಂದು ಹಬ್ಬಕ್ಕೂ ಅಂಚೆಯವನ ದಾರಿ ಕಾದೆ. ಅವಳನ್ನು ಒಂದು ಸಲ ನೋಡಿದರೆ ಸಾಕಪ್ಪಾ ಅನ್ನಿಸುತ್ತಿತ್ತು. ಆಸೆ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು.

ನಲವತ್ತರ ಸಂಕ್ರಾಂತಿಗೆ ಎರಡು ದಿನ ಇದ್ದಾಗ ಕಾರ್ಡು ಬಂತು! ಅಂಕಿಗಳ ಮೇಲೆ 'ಭೋಗಿ' ಎಂದು ಒಂದೇ ಮಾತು. ಭೋಗಿಯ ಬೆಳಗ್ಗೆ ಸಗಣಿ ಸಾರಿಸಿ, ಚುಕ್ಕಿ ಇಟ್ಟು, ಎಣಿಸಿ ಎಣಿಸಿ ಎಳೆದೆ. ಬಂದದ್ದೇನು? ಏಣಿಗೆ ಹಲಸಿನಕಾಯಿ ನೇತುಹಾಕಿದ ಹಾಗೊಂದು ಆಕಾರ. ಒಂಟಿ ಚುಕ್ಕಿ ಬೇರೆ ಒಂದಲ್ಲ, ಎರಡು. ಎರಡು ವರ್ಷ ಕಾಯಿಸಿ ಈಗ ನನ್ನ ಹತ್ತಿರ ಹುಡುಗಾಟವೇ? ಪೊರಕೆ ತಂದು ಗುಡಿಸಿ ಹಾಕಿದೆ. ಅಲ್ಲಿ ನನ್ನದೇ ಒಂದು ತಾವರೆ ಬಿಡಿಸಿ, ಹಿತ್ತಲಿಗೆ ಹೋಗಿ ಅವರೆಕಾಳು ಹಿಸುಕುತ್ತಾ ಕೂತೆ.

ಮಧ್ಯಾಹ್ನ ಎದುರುಮನೆ ಅಂಜಮ್ಮ ಬಂದಳು.

"ಏನಮ್ಮಾ ರತ್ನಾ, ಬೆಳಗ್ಗೆ ನಿಮ್ಮನೆ ಮುಂದೆ ಸಾಮಾನು ತುಂಬಿದ ಗಾಡಿ ನಿಂತಿತ್ತಲ್ಲ, ಯಾರ್ದು? ಮನೆ ಎತ್ಕೊಂಡು ಪಲಮನೇರಿಗೆ ಹೋಗ್ತಾ ಇದ್ದಾರಂತೆ. ಒಂದು ಹುಡುಗಿ ಇಣುಕಿ ನಿನ್ನ ರಂಗೋಲೀನೇ ನೋಡ್ತಾ ಇದ್ಲು. 'ಇಳೀತೀಯೇನೇ?' ಅಂತ ಅವಳತ್ತೆ ಕೇಳಿದ್ರೆ, 'ಬೇಡ ಅತ್ತೆ, ಅವಳು ನನ್ನ ಮರ್ತುಬಿಟ್ಟಿದ್ದಾಳೆ' ಅಂದ್ಲು. ನಾಳೆ ಹಬ್ಬ, ಎತ್ತಿಗೆ ನೊಗ ಹಾಕಂಗಿಲ್ಲವಲ್ಲ, ಗಾಡಿಯವನು ಬಿರಬಿರನೆ ಹೊಡ್ಕೊಂಡು ಹೋದ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಊರಾಚೆಯವರೆಗೂ ಓಡಿದೆ. ಪಲಮನೇರಿನ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ತಿರುಗಿ ಬಂದು ತಾವರೆ ಅಳಿಸಿದೆ. ಮೊದಲು ಹೊಸ್ತಿಲು, ಆಮೇಲೆ ಬೀದಿ. ಅವಳ ಮಾತನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಎಣಿಸಿದೆ. ಈ ಸಲ ಬಂದದ್ದು ಗಾಡಿ. ನಾನು ಏಣಿ ಎಂದದ್ದು ಗಾಡಿಯ ಮೈ, ಹಲಸಿನಕಾಯಿ ಎಂದದ್ದು ಚಕ್ರ. ಬೆಳಗ್ಗೆ ಒಂದಿಷ್ಟು ಕತ್ತು ಓರೆ ಮಾಡಿ ನೋಡಿದ್ದರೂ ಗೊತ್ತಾಗುತ್ತಿತ್ತು, ನನ್ನ ಸಿಟ್ಟು ಬಿಡಬೇಕಲ್ಲ! ಒಂಟಿ ಚುಕ್ಕಿಗಳಲ್ಲಿ ಒಂದು ಗಾಡಿಯೊಳಗೆ ಬಿತ್ತು. ಇನ್ನೊಂದು ಹೊಸ್ತಿಲ ಪಕ್ಕದಲ್ಲಿ ಬಿತ್ತು. ಅದು ನಾನು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಪಲಮನೇರಿನ ವಿಳಾಸ ನನಗೆ ಗೊತ್ತಿಲ್ಲ. ಅವಳೂ ಬರೆಯಲಿಲ್ಲ. ಇವತ್ತಿಗೆ ಏಳು ವರ್ಷ. ಪ್ರತಿ ಭೋಗಿಗೂ ನಮ್ಮ ಬಾಗಿಲಲ್ಲಿ ಅದೇ ಗಾಡಿ. ಬೀದಿಯವರಿಗೆಲ್ಲ ಅದೊಂದು ನಗೆಪಾಟಲು. ಗಾಡಿಯೊಳಗಿನ ಚುಕ್ಕಿಯನ್ನು ತಪ್ಪದೆ ಇಡುತ್ತೇನೆ. ಹೊಸ್ತಿಲ ಪಕ್ಕದ್ದನ್ನು ಮಾತ್ರ ಇಡುವುದಿಲ್ಲ. ಹೊತ್ತು ನೆತ್ತಿಗೆ ಬರುವವರೆಗೂ ಆ ಜಾಗದಲ್ಲಿ ನಾನೇ ನಿಂತಿರುತ್ತೇನೆ.