ಪೂಜೆಗೆ ಕೂತ ಹಾರ್ಡ್ ಡಿಸ್ಕು

ನಾನು ಒಂದು ಹಾರ್ಡ್ ಡಿಸ್ಕು. ಅಂಗೈಯಗಲದ ಕಪ್ಪು ಪೆಟ್ಟಿಗೆ, ಹೊಟ್ಟೆಯೊಳಗೆ ತಿರುಗುವ ಬಿಲ್ಲೆ. ಯಾವ ದೇಶದ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ಕಣ್ಣು ತೆರೆದಾಗ ಮೈಸೂರಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿದ್ದೆ. ನಾಗಮಂಗಲದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಚಿಕ್ಕೀರಯ್ಯನವರು ನನ್ನನ್ನು ಕೊಂಡು, ಬಸ್ಸಿನುದ್ದಕ್ಕೂ ಎದೆಗವಚಿಕೊಂಡು ತಂದರು.

ಸ್ಟುಡಿಯೊ ಎಂದರೆ ಅವರ ಮನೆಯ ಮುಂದಿನ ಕೋಣೆ. ನನ್ನ ಜಾಗ ಮೇಜಿನ ಕೆಳಗೆ. ಅಲ್ಲಿಂದ ಜನರ ಪಾದಗಳಷ್ಟೇ ಕಾಣುತ್ತಿದ್ದವು. ಅವರ ಮುಖಗಳು ಮಾತ್ರ ನನ್ನೊಳಗಿದ್ದವು. ಕಂಪ್ಯೂಟರಿನಲ್ಲಿರುವ ಫೋಟೊಗಳಿಗೆಲ್ಲ ನನ್ನಲ್ಲೊಂದು ಪ್ರತಿ ಇರಲೆಂದು ಹಗಲಿರುಳೂ ನನ್ನನ್ನು ಅದಕ್ಕೇ ತಂತಿಯಿಂದ ಕಟ್ಟಿದ್ದರು, ದನವನ್ನೂ ಕರುವನ್ನೂ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಚಿರತೆ ಬಂದರೆ ಎರಡೂ ಹೋಗುತ್ತವೆಂದು ಯಾರಿಗೂ ತೋಚಲಿಲ್ಲ.

ಆಯುಧಪೂಜೆಗೆ ಮುಂಚೆ ಜವರಮ್ಮ ಬಂದರು. ಬಿರುಕುಬಿಟ್ಟ ಹಿಮ್ಮಡಿಗಳು, ಪಕ್ಕದಲ್ಲಿ ಎರಡು ಪುಟ್ಟ ಪಾದಗಳು. ಅವರ ಮಗಳು ಭಾಗ್ಯ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಚಿಕ್ಕೀರಯ್ಯನವರೇ ಫೋಟೊ ತೆಗೆದು ಕೊಟ್ಟಿದ್ದ ಮದುವೆಯ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು.

"ಈ ಕೂಸು ತನ್ನವ್ವನ ಮೊಕ ಕಂಡಿಲ್ಲ ಕಣಪ್ಪ. ಒಂದಾದ್ರೂ ತೆಗ್ದುಕೊಡು."

ಹಬ್ಬ ಕಳೆಯಲಿ, ಕೊಡುತ್ತೇನೆ ಎಂದರು ಚಿಕ್ಕೀರಯ್ಯ.

ಪೂಜೆಯ ದಿನ ಅವರ ಹೆಂಡತಿ ಸಾಕಮ್ಮ ಕ್ಯಾಮೆರಾ, ಸ್ಟ್ಯಾಂಡು, ಲೈಟುಗಳನ್ನು ದೇವರ ಮುಂದೆ ಜೋಡಿಸಿದರು. ಆಮೇಲೆ ಬಗ್ಗಿ ನನ್ನ ತಂತಿಯನ್ನೂ ಕಿತ್ತರು. ಅದೇನು ಆಯುಧವಾ ಎಂದು ಗಂಡ ನಕ್ಕರು.

"ಮೂಲೇಲಿ ಬಿದ್ದಿದ್ರೂ ದುಡೀತದಲ್ಲ. ನಿಮಗಿಂತ ವಾಸಿ."

ನನ್ನ ನೆತ್ತಿಗೆ ಕುಂಕುಮ ಬಿತ್ತು. ಕಂಪ್ಯೂಟರಿಗೆ ಇದ್ದಲ್ಲೇ ಹೂವು ಮುಡಿಸಿದರು. ಪೂಜೆಗೆ ಕೂತ ಆಯುಧವನ್ನು ಮಾರನೆಯ ದಿನ ಮಂಗಳಾರತಿ ಮಾಡಿ ಇಳಿಸುವ ತನಕ ಮುಟ್ಟಬಾರದು. ಅದು ಆ ಮನೆಯ ಕಟ್ಟಳೆ.

ಸಂಜೆ ಯಾರೋ ಮುಖಂಡರು ಹಬ್ಬದ ಬ್ಯಾನರಿಗೆ ಅವಸರ ಮಾಡಿದರು. ಚಿಕ್ಕೀರಯ್ಯ ಸದ್ದಿಲ್ಲದೆ ಕಂಪ್ಯೂಟರ್ ಹಚ್ಚಿದರು. ಗುರುತಿಲ್ಲದ ಯಾರೋ ಬಿಟ್ಟಿ ಡಿಸೈನು ಎಂದು ಕಳಿಸಿದ್ದನ್ನು ಒತ್ತಿದರು. ಸ್ವಲ್ಪ ಹೊತ್ತಿಗೆ ಒಂದೊಂದೇ ಫೋಟೊ ತೆರೆಯದಾಯಿತು. ಕೊನೆಗೆ ಪರದೆಯ ತುಂಬ ಕೆಂಪಕ್ಷರ: ಎಲ್ಲಕ್ಕೂ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ದುಡ್ಡು ಕಳಿಸಿ. ಕಳ್ಳ ಬಾಗಿಲು ಒಡೆದಿರಲಿಲ್ಲ. ಇವರೇ ಚಿಲಕ ತೆಗೆದಿದ್ದರು.

ಅವರು ಓಡಿಬಂದು ನನ್ನನ್ನು ಎತ್ತಿಕೊಂಡರು. ಫೋಟೊಗಳು ನನ್ನಲ್ಲಾದರೂ ಉಳಿದಿವೆಯೇ ಎಂದು ನೋಡಲು ಕಂಪ್ಯೂಟರಿನ ಬಳಿಗೆ ಒಯ್ದರು. ತಂತಿಯ ತುದಿ ನನ್ನ ಬಾಯಿಗೆ ಬಂತು. ನನ್ನೊಳಗೆ ಭಾಗ್ಯ ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದಳು. ತಂತಿಯ ಆಚೆ ಆ ಕಳ್ಳ ಕಾದು ಕೂತಿದ್ದ. ಕೂಗಲು ನನಗೆ ದನಿಯಿಲ್ಲ. ನೆತ್ತಿಯ ಕುಂಕುಮವನ್ನೇ ನೆನೆದೆ.

ಸಾಕಮ್ಮನ ಕೈ ಅಡ್ಡ ಬಂತು. "ಇನ್ನೂ ಪೂಜೆ ಇಳ್ಸಿಲ್ಲ. ಅಲ್ಲೇ ಮಡಗಿ."

"ಎಲ್ಲ ಹೋಯ್ತು ಕಣೆ, ಬುಡು."

"ಹೋದದ್ದು ಹೋಯ್ತು. ಇದು ನಾಳೆಗಂಟ ದೇವ್ರುದು."

ತಂತಿ ಕೆಳಗೆ ಬಿತ್ತು. ಚಿಕ್ಕೀರಯ್ಯ ಗೋಡೆಗೊರಗಿ ಕೂತರು.

ಬೆಳಿಗ್ಗೆ ಫೋನು ಮಾಡಿದಾಗ ಕಂಪ್ಯೂಟರ್ ರಿಪೇರಿಯವರು ಮೊದಲು ಕೇಳಿದ್ದೇ ನನ್ನ ಸಂಗತಿ: ಡಿಸ್ಕು ಅದಕ್ಕೆ ಚುಚ್ಚಿಲ್ಲ ತಾನೆ? ಚುಚ್ಚಿದ್ದರೆ ಅದಕ್ಕೂ ಬೀಗ ಬೀಳುತ್ತಿತ್ತು. ಚಿಕ್ಕೀರಯ್ಯ ಹೆಂಡತಿಯ ಕಡೆ ನೋಡಿದರು. ಅವರು ಮಂಗಳಾರತಿಗೆ ಬತ್ತಿ ಹೊಸೆಯುತ್ತಿದ್ದರು.

ಪೂಜೆ ಇಳಿಸಿದ ಮೇಲೆ ರಿಪೇರಿಯವರ ಕಂಪ್ಯೂಟರಿಗೆ ನನ್ನನ್ನು ಸೇರಿಸಿ ಭಾಗ್ಯಳ ಫೋಟೊ ಹುಡುಕಿ ಪ್ರಿಂಟು ಹಾಕಿದರು. ಜವರಮ್ಮ ಅದನ್ನು ಸೆರಗಿನಿಂದ ಒರೆಸಿ ಮಗುವಿನ ಮುಂದೆ ಹಿಡಿದರು. ಮಗು ಪಟದಲ್ಲಿದ್ದ ಅವ್ವನ ಬೊಟ್ಟನ್ನು ಮುಟ್ಟಿ, ತನ್ನ ಹಣೆ ಮುಟ್ಟಿಕೊಂಡಿತು.

ಈಗ ನನಗೆ ವಯಸ್ಸಾಗಿದೆ, ಬಿಲ್ಲೆ ಗರಗರ ಎನ್ನುತ್ತದೆ. ದುಡಿಯಲು ಹೊಸ ಡಿಸ್ಕು ಬಂದಿದೆ. ಪ್ರತಿ ತುಂಬಿಸಿದೊಡನೆ ಚಿಕ್ಕೀರಯ್ಯ ಅದರ ತಂತಿ ಬಿಚ್ಚಿ ಎತ್ತಿಡುತ್ತಾರೆ. ನಾನು ದೇವರ ಗೂಡಿನ ಮೂಲೆಯಲ್ಲಿದ್ದೇನೆ. ನನ್ನನ್ನು ಉಳಿಸಿದ್ದು ನನ್ನ ಗಟ್ಟಿತನವಲ್ಲ. ಒಂದು ದಿನ ಯಾವ ತಂತಿಗೂ ಅಂಟದೆ ದೇವರ ಮುಂದೆ ಸುಮ್ಮನೆ ಕೂತದ್ದು. ಕುಂಕುಮ ಮಾಸಿದೆ. ಹಬ್ಬ ಬಂದಾಗ ಸಾಕಮ್ಮ ಮತ್ತೆ ಇಡುತ್ತಾರೆ.