ಎಡಗಡೆಯ ಪರದೆ

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನೀವು ಕೂತುಕೊಳ್ಳಿ. ನಾನಂತೂ ಕೂತು ಕೂತು ಸಾಕಾಗಿದ್ದೇನೆ.

೧

ಮೊದಲ ಕರಡಿನಲ್ಲಿ ಕಂಪ್ಯೂಟರನ್ನೇ ನಾಯಕ ಮಾಡಿದ್ದೆ. ಗೇಮ್ ಆಡುವವರ ದುಬಾರಿ ಕಂಪ್ಯೂಟರ್: ಮೂರು ಮಾನಿಟರ್, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್, ಬಣ್ಣ ಬದಲಿಸುವ ಫ್ಯಾನುಗಳು. ಎರಡು ಪುಟ ಆಗುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಪರದೆಯ ಮೇಲೆ ಬರೆದದ್ದನ್ನು ಹರಿಯಲಾಗುವುದಿಲ್ಲ. ಹಾಗೆ ಹೇಳಿದರೆ ಬರಹಗಾರನಿಗೆ ಸ್ವಲ್ಪ ಮರ್ಯಾದೆ, ಅಷ್ಟೆ.)

೨

ಹಾಗಾದರೆ ತಿರುಪಿನಿಂದ ಶುರುವಾಗಲಿ. ತಿರುಪು ಅಂದರೆ ಮನುಷ್ಯ. ಕಂಪ್ಯೂಟರ್ ಜೋಡಿಸಿಕೊಡುವುದು ಅವನ ಕಸುಬು. ಬಾಯಲ್ಲಿ ಒಂದೆರಡು ತಿರುಪುಮೊಳೆ ಕಚ್ಚಿಕೊಂಡೇ ಕೆಲಸ ಮಾಡುತ್ತಾನಾದ್ದರಿಂದ ಆ ಹೆಸರು ಬಿತ್ತು. ಬೆನ್ನು ಹಿಡಿದುಕೊಂಡಿದೆ, ಗಿರಾಕಿಗಳ ಕಾಟಕ್ಕೆ ಜೀವ ಹೈರಾಣಾಗಿದೆ. ಇಷ್ಟು ವರ್ಷ ಅವನ ಕೈ ಹಿಡಿದದ್ದು ಒಂದೇ ವಿದ್ಯೆ. ಏನಾದರೂ ಕೆಟ್ಟಿದೆಯೆಂದರೆ ಒಂದೊಂದೇ ಭಾಗ ಬದಲಾಯಿಸುತ್ತಾ ಹೋಗಬೇಕು. ಎಲ್ಲ ಬದಲಾಯಿಸಿದ ಮೇಲೂ ದೂರು ಹಾಗೇ ಇದ್ದರೆ, ಬದಲಾಯಿಸದೆ ಉಳಿದದ್ದೇ ಕೆಟ್ಟಿದೆ ಎಂದು ಅರ್ಥ.

ಅವನ ಈಗಿನ ಗಿರಾಕಿ ಶಾಲೆಯ ವ್ಯಾನ್ ಓಡಿಸುವವರು. ಮಕ್ಕಳು ಕರೆಯುವ ಹಾಗೆ ನಾವೂ ವ್ಯಾನ್ ಮಾವ ಅನ್ನೋಣ. ಬರುವ ವರ್ಷ ಸ್ಟೀರಿಂಗ್ ಬಿಡಬೇಕು. ಆಮೇಲೆ ಕೈ ಸುಮ್ಮನಿರುವುದಿಲ್ಲ ಎಂದು ಈಗಲೇ ಗಾಡಿ ಓಡಿಸುವ ಗೇಮಿಗೆ ಕಂಪ್ಯೂಟರ್ ಮಾಡಿಸುತ್ತಿದ್ದರು. ಒಂದೊಂದು ಭಾಗ ಆರಿಸುವಾಗಲೂ ಗಾಡಿ ಕೊಳ್ಳುವವರ ಪ್ರಶ್ನೆಗಳೇ. ಈ ಪ್ರೊಸೆಸರ್ ಏರು ಹತ್ತುತ್ತದೆಯೇ? ಬೇಸಿಗೆಯಲ್ಲಿ ಕಾಯುತ್ತದೆಯೇ? ಒಂದು ದೊಡ್ಡ ಪರದೆ ಸಾಲದೇ ಎಂದು ತಿರುಪು ಕೇಳಿ ನೋಡಿದ.

"ಒಂದು ಮುಂದಿನ ಗಾಜು, ಆಚೆ ಈಚೆ ಎರಡು ಕಿಟಕಿ. ಪಕ್ಕಕ್ಕೆ ಏನಿದೆ ಅಂತ ಕಾಣದೆ ಮಕ್ಕಳನ್ನ ಕೂರಿಸ್ಕೊಂಡು ಹೋಗೋಕಾಗುತ್ತಾ?" ಅಂದರು ಮಾವ.

(ಗೇಮಿನಲ್ಲಿ ಮಕ್ಕಳಿರುವುದಿಲ್ಲ ಎಂದು ತಿರುಪು ಹೇಳಲಿಲ್ಲ. ನಾನೂ ಹೇಳಿಸಲಿಲ್ಲ.)

೩

ಜೋಡಿಸಿ ಬಂದ ಮಾರನೆಯ ದಿನವೇ ಫೋನು. ಎಡಗಡೆಯ ಪರದೆ ಬರುತ್ತಿಲ್ಲವಂತೆ. ತಿರುಪು ಹೋಗಿ ನೋಡಿದರೆ ಚೆನ್ನಾಗಿಯೇ ಉರಿಯುತ್ತಿದೆ. ಮಾವನೂ ಕತ್ತು ತಿರುಗಿಸಿ ನೋಡಿ, ಈಗ ಬಂತು, ಓಡಿಸುವಾಗ ಹೋಗಿಬಿಡುತ್ತದೆ ಅಂದರು. ಪೂರ್ತಿ ಸತ್ತದ್ದನ್ನು ರಿಪೇರಿ ಮಾಡಬಹುದು; ಬಂದು ಹೋಗಿ ಮಾಡುವುದರ ಜೊತೆ ಏಗುವುದು ಯಾರಿಗೆ ಬೇಕು?

ಕೇಬಲ್ ಬದಲಾಯಿಸಿದ. ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆರಿಸಿ ತಂದ. ಅದಕ್ಕೆ ಕರೆಂಟು ಸಾಲದೇನೋ ಎಂದು ಪವರ್ ಸಪ್ಲೈ ಬದಲಾಯಿಸಿದ. ಪ್ರತಿ ಸಲವೂ ಮಾವ ಸಂಕೋಚದಿಂದ ಬಾಗಿಲಲ್ಲೇ ಕಾದಿರುತ್ತಿದ್ದರು. ಪ್ರತಿ ಸಲವೂ ಹೊರಗೆ ನಿಂತ ವ್ಯಾನನ್ನು ಸುತ್ತುಹಾಕಿಕೊಂಡೇ ತಿರುಪು ಒಳಗೆ ಹೋಗುತ್ತಿದ್ದ. ಅದರ ಎಡಮೈ ತುಂಬ ಗೀರು. ಈಚೆಗೆ ಗೋಡೆಗಳೆಲ್ಲ ರಸ್ತೆಗೇ ಬಂದುಬಿಟ್ಟಿವೆ ಎಂದು ಮಾವ ನಗುತ್ತಿದ್ದರು.

(ನಿಮಗೆ ಆಗಲೇ ಗೊತ್ತಾಯಿತು. ತಿರುಪಿಗೆ ಇನ್ನೂ ಗೊತ್ತಿಲ್ಲ. ಅವನಿಗೆ ಭಾಗಗಳು ಮಾತ್ರ ಕೆಡುತ್ತವೆ.)

೪

ಉಳಿದದ್ದು ಮಾನಿಟರ್ ಒಂದೇ. ಎಡಗಡೆಯದನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಇಟ್ಟು, ಮಾವನನ್ನು ಕೂರಿಸಿ, ನೇರ ಮುಂದೆ ನೋಡಿ ಓಡಿಸಲು ಹೇಳಿದ. ಬಲಕ್ಕೆ ಹೋದ ಕೆಟ್ಟ ಪರದೆ ಸರಿಹೋಯಿತು. ಎಡಕ್ಕೆ ಬಂದ ಒಳ್ಳೆಯ ಪರದೆ ಹೋಯಿತು.

"ಇದಕ್ಕೂ ಅದರ ರೋಗ ಅಂಟಿಸ್ದೆಯಲ್ಲೋ," ಎಂದು ಮಾವ ನಕ್ಕರು.

ತಿರುಪಿಗೆ ಎರಡೂ ಪರದೆ ಕಾಣುತ್ತಿದ್ದವು. ಬಾಯಲ್ಲಿದ್ದ ಮೊಳೆ ತೆಗೆದು ಅಂಗೈಯಲ್ಲಿಟ್ಟುಕೊಂಡ. ಬದಲಾಯಿಸದೆ ಉಳಿದದ್ದು ಕುರ್ಚಿಯಲ್ಲಿ ಕೂತಿತ್ತು. ಶಾಲೆ ಬಿಡುವ ಹೊತ್ತಾಗುತ್ತಿತ್ತು.

೪, ಮತ್ತೊಮ್ಮೆ

ಇಲ್ಲಿಂದ ಮುಂದಕ್ಕೆ ಎರಡು ಮುಕ್ತಾಯ ಬರೆದೆ. ಒಂದರಲ್ಲಿ ತಿರುಪು ನಯವಾಗಿ ಹೇಳುತ್ತಾನೆ, ಮಾವ ಒಪ್ಪಿ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಓದಿದರೆ ಔಷಧಿ ಅಂಗಡಿಯ ಜಾಹೀರಾತಿನ ಹಾಗಿತ್ತು. ಇನ್ನೊಂದರಲ್ಲಿ ಅವನು ಏನೂ ಹೇಳದೆ ಮೂರೂ ಪರದೆಗಳನ್ನು ಬಲಕ್ಕೆ ಸರಿಸುತ್ತಾನೆ, ಗಿರಾಕಿಗೆ ಖುಷಿ, ವ್ಯಾನು ಹೊರಡುತ್ತದೆ. ಅದನ್ನು ಶಾಲೆಯ ಗೇಟಿನವರೆಗೂ ಬರೆದೆ. ಗೇಟಿನ ಪಕ್ಕದಲ್ಲಿ, ಎಡಗಡೆಗೆ, ಮಕ್ಕಳು ಸಾಲಾಗಿ ನಿಂತಿದ್ದರು. ನನಗೆ ಹೆದರಿಕೆಯಾಯಿತು. ನಿಲ್ಲಿಸಿದೆ.

ತಿರುಪು ನನ್ನ ಮೇಲೆ ಹರಿಹಾಯ್ದ. "ನಾನು ಪಾರ್ಟ್ ಆರಿಸೋನು. ಅವರ ಕೈಯಿಂದ ಸ್ಟೀರಿಂಗ್ ಕಿತ್ಕೊಳ್ಳೋದು ನನ್ನ ಕೆಲಸ ಅಲ್ಲ. ಬರೆಯೋನು ನೀನು, ನೀನೇ ಹೇಳು."

ನನಗೂ ಸುಸ್ತಾಗಿದೆ ಅಂದೆ.

"ಸುಸ್ತಾಗಿರೋದು ನನಗೆ. ನಿನ್ನದು ಭಯ," ಅಂದ. ಸುಳ್ಳೇನಲ್ಲ.

೫

ನಾವಿಬ್ಬರೂ ಹೀಗೆ ಜಗಳವಾಡುತ್ತಿರುವಾಗ ಮಾವ ಎದ್ದು ನಿಂತಿದ್ದರು. ನಗು ಎಲ್ಲೋ ಹೋಗಿತ್ತು. ಒಮ್ಮೆ ಕತ್ತು ಪೂರ್ತಿ ತಿರುಗಿಸಿ ಎಡಗಡೆಯ ಪರದೆ ನೋಡಿದರು. ಮತ್ತೆ ಮುಂದಕ್ಕೆ ನೋಡಿದರು. ಮತ್ತೆ ತಿರುಗಿದರು. ಕಿಟಕಿಯಾಚೆಯ ವ್ಯಾನನ್ನು ಬಹಳ ಹೊತ್ತು ನೋಡಿದರು.

"ಕೆಟ್ಟಿರೋದು ಇದಲ್ಲ, ಅಲ್ವಾ?" ಎಂದು ಕೇಳಿದರು.

ತಿರುಪು ಅಂಗೈಯಲ್ಲಿದ್ದ ಮೊಳೆಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಮಕ್ಕಳು ಕಾಯುತ್ತಿರುತ್ತವೆ ಎಂದು ಮಾವ ತಮಗೇ ಹೇಳಿಕೊಂಡು ಜೇಬು ತಡವಿದರು, ಮೇಜು ತಡವಿದರು. ವ್ಯಾನಿನ ಕೀ ಅವರ ಎಡಗೈಯ ಪಕ್ಕದಲ್ಲೇ ಬಿದ್ದಿತ್ತು.

"ಕೀ ಇಲ್ಲೇ ಇಟ್ಟಿದ್ದೆ. ನಿನಗೇನಾದ್ರೂ ಕಾಣುತ್ತಾ?"

ತಿರುಪು ನನ್ನ ಮುಖ ನೋಡಿದ. ನಾನು ನಿಮ್ಮ ಮುಖ ನೋಡುತ್ತಿದ್ದೇನೆ. ಮುಂದೇನಾಯಿತು ಎಂದು ನನ್ನನ್ನು ಕೇಳಬೇಡಿ. ಕೀ ಎಲ್ಲಿದೆ ಎಂದು ಈಗ ನಿಮಗೂ ಗೊತ್ತಿದೆ, ಮಾವ ಇನ್ನೂ ಹುಡುಕುತ್ತಿದ್ದಾರೆ.