ಗುರಾಬದ ಒಂಬತ್ತು ಹಾಯಿ

ಮುನವಳ್ಳಿಯಿಂದ ಸಮುದ್ರಕ್ಕೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಸಿದ್ಧಾರೂಢ ಮಾಸ್ತರು ಇಳಿದವರಲ್ಲ. ಅರವತ್ತೆರಡು ವರ್ಷದ ಬಾಳಿನಲ್ಲಿ ಅವರು ಕಂಡ ದೊಡ್ಡ ನೀರು ಎಂದರೆ ನವಿಲುತೀರ್ಥದ ಅಣೆಕಟ್ಟಿನದು. ಆದರೂ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆ ಮುಗಿದ ಮೇಲೆ ಅವರು ಹಿಡಿದದ್ದು ಹಡಗು ಕಟ್ಟುವ ಕೆಲಸ. ಹಳೆಯ ಕಾಲದ ಹಾಯಿಹಡಗುಗಳ ಮಾದರಿ ಕಟ್ಟುತ್ತಿದ್ದರು, ನಲವತ್ತೆಂಟು ಅಡಿಗೆ ಒಂದು ಅಡಿಯ ಅಳತೆಯಲ್ಲಿ. ಊರವರು ನಕ್ಕರು. ನಗದೆ ಏನು ಮಾಡಿಯಾರು? ಎದುರುಮನೆಯ ಕಾಡಪ್ಪ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಬಾಯಿ ಸುಮ್ಮನಿರುವುದಿಲ್ಲ. ದಿನಾ ಕಟ್ಟೆಗೆ ಬಂದು ಕೂತು ಕೇಳುತ್ತಿದ್ದ:

“ಮಾಸ್ತರ, ನಿಮ್ಮ ಹಡಗ ಯರಗಟ್ಟ್ಯಾಗ ನಿಲ್ಲತೈತೇನ್ರಿ, ಇಲ್ಲಾ ಡೈರೆಕ್ಟ್ ಬೆಳಗಾವಿಗೇ ಹೋಗತೈತೇನ್ರಿ?”

ಮಾಸ್ತರು ನಗುತ್ತಿದ್ದರು. ಉತ್ತರ ಒಳಗಿನಿಂದ, ಅವರ ಹೆಂಡತಿ ಶೈಲಜಾಳಿಂದ ಬರುತ್ತಿತ್ತು: “ನೀವು ಟಿಕೀಟ್ ಹರಿಯಾಕ ಬರೂದಾದ್ರ ಎಲ್ಲೆ ಬೇಕಲ್ಲೆ ನಿಲ್ಲಸತಾರ್ರಿ.”

ಆ ಶೈಲಜಾ ತೀರಿಕೊಂಡು ಇಂದಿಗೆ ಹತ್ತು ದಿನ. ಮಾಸ್ತರು ಇನ್ನೂ ಅತ್ತಿರಲಿಲ್ಲ.

ಹೊಲದಲ್ಲಿ ಮಣ್ಣು ಕೊಡುವಾಗ ಅಳಲಿಲ್ಲ. ಭಜನೆಯವರು ಹಾಡುವಾಗ ಅಳಲಿಲ್ಲ. “ಗಂಡಸಂದ್ರ ಹಿಂಗಿರಬೇಕು” ಎಂದು ಒಬ್ಬರು ಹೊಗಳಿದರು. “ಕಲ್ಲೆದಿ ಬಿಡವ್ವ” ಎಂದು ಮತ್ತೊಬ್ಬರು ಕಿವಿಗೆ ಬೀಳುವಂತೆಯೇ ಅಂದರು. ಜನರ ಬಾಯಿಗೆ ಬಾಗಿಲುಂಟೆ? ಮಾಸ್ತರಿಗೆ ಎರಡೂ ಮಾತು ತಟ್ಟಲಿಲ್ಲ. ಕೆಂಪು ಚಟ್ನಿ ಹಚ್ಚಿಕೊಂಡು ರೊಟ್ಟಿ ತಿಂದರೆ ಖಾರ ಹತ್ತುತ್ತಿರಲಿಲ್ಲ. ಬಂದವರಿಗೆ ಕುಂತ್ರಿ ಅನ್ನುತ್ತಿದ್ದರು, ಹೋಗುವವರಿಗೆ ಹೋಗಿ ಬರ್ರಿ ಅನ್ನುತ್ತಿದ್ದರು. ಮಲಗು ಅಂದರೆ ಮಲಗುತ್ತಿದ್ದರು. ಮೂವತ್ತನಾಲ್ಕು ವರ್ಷ ಜೊತೆಗಿದ್ದವಳು ಹೋದಳೆಂಬುದು ಪೇಪರಿನಲ್ಲಿ ಓದಿದ ಸುದ್ದಿಯಂತೆ ಗೊತ್ತಿತ್ತು, ಅಷ್ಟೆ. ಇದು ಅವರಿಗೇ ಭಯ ಹುಟ್ಟಿಸಿತ್ತು.

ಆದರೆ ಒಂದು ಭರವಸೆ ಇಟ್ಟುಕೊಂಡಿದ್ದರು. ಒಳಕೋಣೆಯ ಮೇಜಿನ ಮೇಲೆ ಗುರಾಬ ನಿಂತಿತ್ತು. ಗುರಾಬವೆಂದರೆ ಮರಾಠರ ಕಾಲದ ಮೂರು ಕಂಬದ ಯುದ್ಧದ ಹಡಗು. ಗಂಡಹೆಂಡಿರು ಸೇರಿ ಎರಡು ವರ್ಷದಿಂದ ಅದನ್ನು ಕಟ್ಟುತ್ತಿದ್ದರು. ಹಳೆಯ ಬಾಗಿಲಿನ ಸಾಗವಾನಿಯನ್ನು ಸೀಳಿ, ನೆನೆಸಿ, ಕಾದ ಕಬ್ಬಿಣದ ಮೇಲೆ ಬಗ್ಗಿಸಿ ಹಲಗೆಗೆ ಹಲಗೆ ಕೂಡಿಸಿದ್ದು ಮಾಸ್ತರು. ರಾಮದುರ್ಗದ ನೂಲಿಗೆ ಜೇನುಮೇಣ ತಿಕ್ಕಿ ಹಗ್ಗ ಹೊಸೆದದ್ದೂ ಅವರೇ. ಹಾಯಿ ಮಾತ್ರ ಶೈಲಜಾಳದು. ಮಾಸ್ತರ ತೆಳುವಾದ ಹಳೆಯ ಧೋತರವನ್ನು ಕತ್ತರಿಸಿ ಒಂಬತ್ತು ಹಾಯಿ ಹೊಲಿದಿದ್ದಳು. ನಿಜವಾದ ಹಾಯಿ ಬಟ್ಟೆಯ ಪಟ್ಟಿ ಕೂಡಿಸಿ ಮಾಡಿದ್ದಾದ್ದರಿಂದ ಇಲ್ಲಿಯೂ ಅರ್ಧರ್ಧ ಇಂಚಿಗೆ ಒಂದು ಹೊಲಿಗೆಯ ಗೆರೆ. ಹೊಲಿದ ಮೇಲೆ ಚಹಾದ ನೀರಿನಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಒಣಗಿಸುತ್ತಿದ್ದಳು. ಸಮುದ್ರದ ಉಪ್ಪು, ಬಿಸಿಲು, ಮಳೆ ಎಲ್ಲ ಕುಡಿದಂಥ ಕಂದು ಬಣ್ಣ ಬರುತ್ತಿತ್ತು. ಸಮುದ್ರ ಕಾಣದವಳಿಗೆ ಅದು ಹೇಗೆ ತಿಳಿಯುತ್ತಿತ್ತೋ.

“ನಾ ಇರೂದ್ರಾಗ ಹಾಯಿ ಕಟ್ಟಿಬಿಡ್ರಿ, ಒಮ್ಮೆ ನೋಡತೇನಿ” ಎಂದಿದ್ದಳು ಕಡೆಕಡೆಗೆ.

“ಹಗ್ಗದ ಕೆಲಸ ಪೂರಾ ಆಗಲಿ ತಡಿ” ಎಂದಿದ್ದರು ಮಾಸ್ತರು. ಹಗ್ಗದ ಕೆಲಸ ಪೂರ್ತಿಯಾಗುವ ಮೊದಲು ಅವಳೇ ಹೋದಳು.

ನಾಳೆ ಹನ್ನೊಂದನೆಯ ದಿನದ ಗಣಾರಾಧನೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಬಾಗಿಲು ಹಾಕಿಕೊಂಡು ಆ ಒಂಬತ್ತು ಹಾಯಿ ಕಟ್ಟಬೇಕು. ಅವಳ ಕೈ ತಾಗಿದ ಬಟ್ಟೆ ಕೈಯಲ್ಲಿ ಹಿಡಿದಾಗಲಾದರೂ ಅಳು ಬಂದೀತು ಎಂದು ಮಾಸ್ತರು ನಂಬಿದ್ದರು. ಬಿತ್ತುವ ಜೋಳವನ್ನು ಉಣ್ಣದೆ ತೆಗೆದಿಡುವಂತೆ ಅಳುವನ್ನು ಅದಕ್ಕೆಂದು ತೆಗೆದಿಟ್ಟಿದ್ದರು.

ಹತ್ತನೆಯ ದಿನ ಮನೆ ತೊಳೆಯುವ ದಿನ. ಸತ್ತವರು ಮುಟ್ಟಿದ ಬಟ್ಟೆ ಒಂದೂ ನೀರು ಕಾಣದೆ ಉಳಿಯಬಾರದು, ಆಮೇಲೆಯೇ ಜಂಗಮರ ಪಾದ ಮನೆಯೊಳಗೆ. ಆ ದಿನದ ಯಜಮಾನಿಕೆ ಶೈಲಜಾಳ ಅಕ್ಕ ಗುರುಬಸವ್ವನದು. ಸಾಲಹಳ್ಳಿಯಿಂದ ಬಂದವಳು, ಕೈ ಸುಮ್ಮನಿದ್ದರೆ ಜೀವ ಹೋದಂತೆ ಆಡುವವಳು. ತಂಗಿಗಾಗಿ ಅತ್ತದ್ದಕ್ಕಿಂತ ಹೆಚ್ಚು ತಿಕ್ಕಿದ್ದಳು: ಪಾತ್ರೆ, ನೆಲ, ಬಾಗಿಲು. ಬೆಳಗಾಗುತ್ತಲೇ ಹಂಡೆಗೆ ಉರಿ ಹಾಕಿ, ಮಾಸ್ತರನ್ನೂ ಕಾಡಪ್ಪನನ್ನೂ ನಾಳಿನ ಅಡುಗೆಯ ಸಂತೆಗೆಂದು ಯರಗಟ್ಟಿಗೆ ಅಟ್ಟಿದಳು.

ಮಾಸ್ತರು ತಿರುಗಿ ಬಂದಾಗ ಮಧ್ಯಾಹ್ನ ಮೂರು. ಹಿತ್ತಲಿನಲ್ಲಿ ತಂತಿಯ ತುಂಬ ಕೌದಿ, ಲಂಗ, ದಿಂಬಿನ ಚೀಲ. ಅವುಗಳ ನಡುವೆ ಚಿಕ್ಕ ಚಿಕ್ಕ ಬಿಳಿಯ ಬಟ್ಟೆಗಳು ನೀಲಿ ಹಿಡಿದು, ಗಂಜಿ ಕುಡಿದು, ಸೆಟೆದು ನಿಂತು ಹೊಳೆಯುತ್ತಿದ್ದವು. ಅವು ಏನೆಂದು ಮಾಸ್ತರಿಗೆ ಒಂದು ಕ್ಷಣ ತಿಳಿಯಲೇ ಇಲ್ಲ.

“ನೋಡ್ರಿ ಮಾಸ್ತರ,” ಎಂದಳು ಗುರುಬಸವ್ವ, ಸೆರಗಿಗೆ ಕೈ ಒರೆಸುತ್ತ. “ನಿಮ್ಮ ಹಡಗಿನ ಅರಿವಿ ಹೆಂಗ ಕೊಳಿ ಹಿಡದು ಬಿದ್ದಿದ್ದುವು! ಜಡ್ಡಿನಾಗ ತೊಳಿಯಾಕ ಆಗಿಲ್ಲ ಆಕೀಗೆ, ಪಾಪ. ಹೊಲಸು ಅರಿವಿ ಏರಿಸಿದ್ರ ನಾಳೆ ಮಂದಿ ನನ್ನ ತಂಗೀಗೇ ಅಂತಾರ. ಸೋಡಾ ಹಾಕಿ ಮೂರು ನೀರು ಕುದಿಸೇನಿ. ಮಲ್ಲಿಗಿ ಆಗ್ಯಾವು ನೋಡ್ರಿ.”

ಮಾಸ್ತರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಾಡಪ್ಪ ಕೂಗಿಬಿಟ್ಟ. “ಅಯ್ಯಯ್ಯ, ಏನ ಮಾಡಿದ್ರಿ ಅಕ್ಕಾರ! ಅದು ಕೊಳಿ ಅಲ್ರಿ, ಚಹಾದ ಬಣ್ಣರೀ! ಹಳೀವು ಕಾಣಬೇಕಂತ ಆಕೀನಽ ಬೇಕಂತ ಅದ್ದಿದ್ಳು. ನನ್ನ ಕಣ್ಣಮುಂದ ಅದ್ಯಾಳ!”

ಗುರುಬಸವ್ವ ಬಟ್ಟೆಗಳನ್ನು ನೋಡಿದಳು, ಮಾಸ್ತರ ಮುಖ ನೋಡಿದಳು. ಬೈಗುಳಕ್ಕಾಗಿ ಕಾದಳು. ಬೈದಿದ್ದರೆ ಅವಳಿಗೂ ಒಳ್ಳೆಯದಿತ್ತು.

“ಇರಲಿ ಬಿಡ್ರಿ ಅಕ್ಕಾರ, ಚೊಲೋ ಆಗ್ಯಾವು” ಎಂದರು ಮಾಸ್ತರು.

ನಿಜವಾಗಿಯೂ ಏನೂ ಅನ್ನಿಸಲಿಲ್ಲ. ಸಿಟ್ಟು ಬರಲೆಂದು ಒಂದು ಗಳಿಗೆ ಕಾದು ನೋಡಿದರು, ಬರಲಿಲ್ಲ. ಬಟ್ಟೆಗಳನ್ನು ತಂತಿಯಿಂದ ಒಂದೊಂದಾಗಿ ತೆಗೆದುಕೊಂಡು ಒಳಕೋಣೆಗೆ ಹೋದರು. ಒಂದನ್ನು ಹಡಗಿನ ನಡುಗಂಬಕ್ಕೆ ಹಿಡಿದು ನೋಡಿದರು. ಅಂಗಡಿಯಿಂದ ಆಗ ತಂದ ಕರವಸ್ತ್ರದಂತಿತ್ತು. ಮೂಗಿಗೆ ಹಿಡಿದರೆ ಸಾಬೂನಿನ ವಾಸನೆ. ಅವಳ ಕೈ ಇದರಲ್ಲಿ ಎಲ್ಲಿತ್ತು? ಇನ್ನು ಅಳು ಬರುವುದಿಲ್ಲ, ಯಾವತ್ತೂ ಬರುವುದಿಲ್ಲ, ಹೀಗೆಯೇ ಉಂಡು, ಮಲಗಿ, ಬಂದವರಿಗೆ ಕುಂತ್ರಿ ಅಂದು ದಿನ ತೆಗೆಯಬೇಕು ಎಂದುಕೊಂಡರು. ಹಾಗೆಂದುಕೊಂಡದ್ದಕ್ಕೂ ದುಃಖವಾಗಲಿಲ್ಲ.

ಎಣಿಸಿದರೆ ಎಂಟೇ ಇದ್ದವು.

ಹಿತ್ತಲಿಗೆ ಹೋದರು. ಕಾಡಪ್ಪ ಮನೆಗೆ ಹೋಗಿದ್ದ. ಗುರುಬಸವ್ವ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂಬತ್ತನೆಯದನ್ನು ತಿಕ್ಕುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

“ತಪ್ಪಾತ್ರಿ ಮಾಸ್ತರ. ಕೈಯಾರೆ ಕೆಡಿಸಿದ್ನಿ. ಹೆಂಗೂ ಎಂಟೂ ಬೆಳ್ಳಗಾಗ್ಯಾವು, ಇದೂ ಆದ್ರ ಜೋಡಿ ಆದ್ರೂ ಆಕ್ಕೈತಿ ಅಂತ ತಿಕ್ಕಾಕ ಹತ್ತೇನಿ. ಆದ್ರ ಈ ಕಲಿ ಹೋಗವಲ್ದು. ಕುದಿಸಿದಷ್ಟೂ ಕಚ್ಚಿಕೊಂಡೈತಿ. ಚಹಾ ಗಟ್ಟಿ ಹತ್ತೇತೋ ಏನೋ.”

ಬಿಳಿಯ ಬಟ್ಟೆಯ ಮೇಲೆ ಸಾಸಿವೆ ಗಾತ್ರದ ಕಂದು ಚುಕ್ಕೆಗಳು. ಹೊಲಿಗೆಯ ಗೆರೆಯ ಗುಂಟ ಸಾಲಾಗಿ ನಾಲ್ಕು.

ಅದು ಚಹಾ ಆಗಿರಲಿಲ್ಲ. ಹೋದ ಶ್ರಾವಣದ ಮಾತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರನೆಯ ಸಲ ಕ್ಯಾನ್ಸರಿನ ಔಷಧ ಏರಿಸಿಕೊಂಡು ಬಂದ ಮೇಲೆ ಶೈಲಜಾಳ ಬೆರಳ ತುದಿಗಳು ಜೋಮು ಹಿಡಿದು ಸ್ಪರ್ಶವನ್ನೇ ಬಿಟ್ಟಿದ್ದವು. ಬಿಸಿ ಚಹಾದ ವಾಟಗ ಹಿಡಿದರೂ ತಿಳಿಯುತ್ತಿರಲಿಲ್ಲ. ಆದರೂ ಬೆಳಕಿಗೆಂದು ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದಳು. ಸೂಜಿ ಬೆರಳಿಗೇ ಹೊಕ್ಕು ಬಂದಿತ್ತು. ಗೊತ್ತಾಗದೆ ಮತ್ತೆ ನಾಲ್ಕು ಹೊಲಿಗೆ ಹಾಕಿದ್ದಳು. ಮೇಜಿನಿಂದ ಕತ್ತೆತ್ತಿದ ಮಾಸ್ತರಿಗೆ ಬಟ್ಟೆಯ ಮೇಲೆ ಕೆಂಪು ಕಂಡಿತ್ತು.

“ಅಯ್ಯ, ಹಾಯಿ ಕೆಟ್ಟತಲ್ಲ!” ಎಂದಿದ್ದರು. ಅವರು ಅಂದದ್ದು ಅಷ್ಟೇ.

ಅವಳು ತನ್ನ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿ ನಕ್ಕಿದ್ದಳು. “ನನಗ ಗೊತ್ತಽ ಆಗಲಿಲ್ಲ ನೋಡ್ರಿ. ಇರಲಿ, ಚಹಾದಾಗ ಅದ್ದಿದ್ರ ಕಾಣಂಗಿಲ್ಲ.”

ಅದ್ದಿದಳು, ಕಾಣಲಿಲ್ಲ. ಮಾಸ್ತರು ಮರೆತೂಬಿಟ್ಟಿದ್ದರು.

“ಕೊಡ್ರಿಲ್ಲೆ ಅದನ್ನ” ಎಂದರು ಮಾಸ್ತರು. ದನಿ ಯಾಕೋ ಗಟ್ಟಿಯಾಯಿತು.

“ತಡೀರಿ, ಲಿಂಬಿಹಣ್ಣು ಉಪ್ಪು ಹಚ್ಚಿ ಇನ್ನೊಮ್ಮೆ...”

“ತಿಕ್ಕಬ್ಯಾಡ್ರಿ! ಅದು ಚಹಾ ಅಲ್ರಿ ಅಕ್ಕಾರ, ರಕ್ತ. ಹೊಲಿಯೂ ಮುಂದ ಆಕೀಗೆ ಸೂಜಿ ಚುಚ್ಚಿತ್ತು.”

ಗುರುಬಸವ್ವನ ಕೈ ನಿಂತಿತು. ಕುಕ್ಕರಗಾಲಿನಲ್ಲಿದ್ದವಳು ಹಸಿ ನೆಲದ ಮೇಲೆಯೇ ಕೂತುಬಿಟ್ಟಳು. ಬಟ್ಟೆಯನ್ನು ತೊಡೆಯ ಮೇಲೆ ಹರವಿ, ಚುಕ್ಕೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿದಳು. ಆಮೇಲೆ, ಚಿಕ್ಕಂದಿನಲ್ಲಿ ತಂಗಿ ಎಲ್ಲೋ ಬಿದ್ದು ಬಂದಾಗ ಕೇಳುತ್ತಿದ್ದಳೋ ಏನೋ, ಹಾಗೆ ಮೆತ್ತಗೆ ಕೇಳಿದಳು:

“ಯಾವ ಬೆರಳಿಗೆ ಚುಚ್ಚಿತ್ತರೀ?”

ಗುರಾಬದ ಪ್ರತಿಯೊಂದು ಹಗ್ಗದ ಉದ್ದ ಕೇಳಿದರೆ ಮಾಸ್ತರು ನಿದ್ದೆಗಣ್ಣಿನಲ್ಲೂ ಹೇಳಿಯಾರು. ಇದು ಯಾವ ಬೆರಳು? ಎಡಗೈಯದೋ, ಬಲಗೈಯದೋ? ಎಷ್ಟು ಹುಡುಕಿದರೂ ಸಿಗಲಿಲ್ಲ.

“ನಾ ನೋಡಲಿಲ್ರಿ” ಎಂದರು. “ನಾ ಅರಿವಿ ನೋಡಿದ್ನಿ ಅಕ್ಕಾರ. ಆಕಿ ಕೈ ನೋಡಲಿಲ್ಲ.”

ಮಾತು ಮುಗಿಯುವ ಮೊದಲೇ ಎದೆಯೊಳಗೆ ಏನೋ ಹರಿದಂತಾಯಿತು. ನೋವಾಯಿತು, ತುಂಬ ನೋವಾಯಿತು. ಒಗೆಯುವ ಕಲ್ಲು ಹಿಡಿದುಕೊಂಡು ಮಾಸ್ತರು ಅಳತೊಡಗಿದರು. ಎದುರುಮನೆಯಿಂದ ಕಾಡಪ್ಪ ಚಪ್ಪಲಿಯೂ ಇಲ್ಲದೆ ಓಡಿಬಂದ.